ತಡೆಯುವ ಕೈ, ಅಳಿಸುವ ಹೊಣೆ

ನಮ್ಮ ಹಾಸನದಲ್ಲಿ ಒಂದು ಕಂಪನಿಯ ಸಿಮ್ ಇರುವ ಫೋನಿನಲ್ಲಿ ತೆರೆದುಕೊಳ್ಳುವ ಜಾಲತಾಣ ಇನ್ನೊಂದು ಕಂಪನಿಯ ಸಿಮ್‌ನಲ್ಲಿ ತೆರೆಯದೆ ಹೋಗುವುದುಂಟು. ಬಹಳಷ್ಟು ಜನ ಅದನ್ನು ಸಿಗ್ನಲ್ ತೊಂದರೆ ಎಂದುಕೊಂಡು ಸುಮ್ಮನಾಗುತ್ತಾರೆ. ಮಳೆಗಾಲದಲ್ಲಿ, ಅದರಲ್ಲೂ ಸಕಲೇಶಪುರದ ಕಡೆಗೆ, ಹಾಗೆ ಅಂದುಕೊಳ್ಳುವುದು ಸಹಜವೇ. ಆದರೆ ಕೆಲವು ಸಲ ಅದು ತಾಂತ್ರಿಕ ತೊಂದರೆಯಲ್ಲ, ಸರ್ಕಾರದ ಅಥವಾ ನ್ಯಾಯಾಲಯದ ಆದೇಶ. ಎರಡಕ್ಕೂ ಪರದೆಯ ಮೇಲೆ ಕಾಣುವ ಖಾಲಿ ಪುಟ ಬಹಳ ಸಲ ಒಂದೇ ಆಗಿರುವುದರಿಂದ, ತನ್ನಿಂದ ಏನನ್ನೋ ಮರೆಮಾಡಲಾಗಿದೆ ಎಂಬುದು ಕೂಡ ಓದುಗನಿಗೆ ಗೊತ್ತಾಗುವುದಿಲ್ಲ.

ಕೇಂದ್ರ ಸರ್ಕಾರ ಜಾಲತಾಣಗಳನ್ನು ತಡೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನ ಅಡಿಯಲ್ಲಿ. ಅದಕ್ಕಾಗಿ 2009ರಲ್ಲಿ ಮಾಡಿದ ನಿಯಮಗಳ ಪೈಕಿ 16ನೆಯದು, ಬಂದ ದೂರನ್ನೂ ಕೈಗೊಂಡ ಕ್ರಮವನ್ನೂ ಗೋಪ್ಯವಾಗಿಡಬೇಕು ಎನ್ನುತ್ತದೆ. 2015ರ ಮಾರ್ಚ್‌ನಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಿರಿಕಿರಿ ಉಂಟುಮಾಡುವ ಆನ್‌ಲೈನ್ ಸಂದೇಶಗಳನ್ನು ಶಿಕ್ಷಾರ್ಹ ಮಾಡಿದ್ದ 66ಎ ಕಲಮನ್ನು ರದ್ದುಮಾಡಿತು, 69ಎ ಕಲಮನ್ನು ಎತ್ತಿಹಿಡಿಯಿತು. ತಡೆಗೆ ಕಾರಣಗಳನ್ನು ಬರವಣಿಗೆಯಲ್ಲಿ ದಾಖಲಿಸಬೇಕು, ಆದ್ದರಿಂದ ಅವುಗಳನ್ನು ರಿಟ್ ಅರ್ಜಿಯ ಮೂಲಕ ಪ್ರಶ್ನಿಸಲು ಸಾಧ್ಯ ಎಂಬುದು ಎತ್ತಿಹಿಡಿದದ್ದಕ್ಕೆ ಕೊಟ್ಟ ಸಮರ್ಥನೆಗಳಲ್ಲೊಂದು. ನನಗೆ ಅರ್ಥವಾಗದೆ ಉಳಿದಿರುವುದು ಇದೇ: ಗೋಪ್ಯವಾಗಿಟ್ಟ ಆದೇಶದಲ್ಲಿ ದಾಖಲಾದ ಕಾರಣವನ್ನು ಯಾರು ಓದಿ, ಯಾರು ಪ್ರಶ್ನಿಸಬೇಕು? ವಿಡಿಯೊ ನೋಡಲು ಮನೆಮನೆಯ ಕಂಪ್ಯೂಟರಿನಲ್ಲಿ ಇರುವ ವಿಎಲ್‌ಸಿ ಪ್ಲೇಯರಿನ ಅಧಿಕೃತ ತಾಣವನ್ನೇ 2022ರಲ್ಲಿ ನಮ್ಮ ದೇಶದಲ್ಲಿ ತಡೆಯಲಾಗಿತ್ತು. ತಮಗೆ ಮುಂಚಿತವಾಗಿ ನೋಟಿಸ್ ಬರಲಿಲ್ಲ ಎಂದು ಅದನ್ನು ನಡೆಸುವವರು ಹೇಳಿದರು. ವಕೀಲರ ಮೂಲಕ ನೋಟಿಸ್ ಕಳಿಸಿದ ಮೇಲೆ ಆ ವರ್ಷದ ನವೆಂಬರ್‌ನಲ್ಲಿ ತಡೆ ತೆರವಾಯಿತು. ಬೇರೆ ದೇಶದಲ್ಲಿದ್ದು ವಕೀಲರನ್ನು ಇಡಬಲ್ಲ ಸಂಸ್ಥೆಗೆ ಇಷ್ಟು ಹೊತ್ತು ಹಿಡಿದರೆ, ಒಬ್ಬಂಟಿಯಾಗಿ ಕನ್ನಡದಲ್ಲಿ ಬರೆಯುವವರ ಗತಿ ಏನು?

ಇಷ್ಟು ಸುಲಭವಾಗಿ ತಡೆಯಲು ಸಾಧ್ಯವಾಗಿರುವುದು ದಾರಿಗಳು ಕೆಲವೇ ಕೈಗಳಲ್ಲಿ ಸೇರಿಕೊಂಡಿರುವುದರಿಂದ. ನಾವು ಟೈಪ್ ಮಾಡಿದ ಹೆಸರನ್ನು ವಿಳಾಸದ ಅಂಕಿಗಳಿಗೆ ಬದಲಿಸಿಕೊಡುವ ಡಿಎನ್‌ಎಸ್ ಸರ್ವರ್ ಸಾಮಾನ್ಯವಾಗಿ ನಮಗೆ ಇಂಟರ್‌ನೆಟ್ ಕೊಡುವ ಕಂಪನಿಯದೇ ಆಗಿರುತ್ತದೆ. ಅದು ಸುಳ್ಳು ಉತ್ತರ ಕೊಟ್ಟರೆ ಪುಟ ತೆರೆಯದು. ಅದನ್ನು ದಾಟಿದರೂ, ಸಂಪರ್ಕ ಆರಂಭವಾಗುವಾಗ ತಾಣದ ಹೆಸರು ಸಾಮಾನ್ಯವಾಗಿ ಗುಪ್ತಲಿಪಿಗೆ ಒಳಪಡದೆ ಹಾದುಹೋಗುವುದರಿಂದ, ಅಲ್ಲಿ ಗುರುತಿಸಿ ಕಡಿದುಹಾಕಬಹುದು. ಒಂದೊಂದು ಕಂಪನಿ ಒಂದೊಂದು ವಿಧಾನ ಬಳಸುವುದರಿಂದ ಸಿಮ್ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. 1993ರ ಏಪ್ರಿಲ್ 30ರಂದು ಯುರೋಪಿನ ಸಂಶೋಧನಾ ಸಂಸ್ಥೆಯಾದ ಸರ್ನ್ ವೆಬ್ಬನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರ್ವಜನಿಕರಿಗೆ ಬಿಟ್ಟುಕೊಟ್ಟಾಗ, ಪ್ರತಿ ಊರಿನಲ್ಲೂ ಒಂದು ಸರ್ವರ್ ಇರಲು ಅಡ್ಡಿಯೇನೂ ಇರಲಿಲ್ಲ. ಆದರೆ ನಮ್ಮ ಮಾತು, ಚಿತ್ರ, ಸುದ್ದಿ ಎಲ್ಲವೂ ಮೂರು ನಾಲ್ಕು ಕಂಪನಿಗಳ ಅಂಗಳಕ್ಕೆ ಹೋದವು. ತಡೆಯುವವರಿಗೆ ಈಗ ಲಕ್ಷ ಬಾಗಿಲು ಬಡಿಯುವ ಕೆಲಸವಿಲ್ಲ.

ಒಂದೇ ಕೇಂದ್ರದ ಹಿಡಿತದಲ್ಲಿಲ್ಲದ, ಅಂದರೆ ವಿಕೇಂದ್ರೀಕೃತ ವೆಬ್ ಎಂಬ ಆಶಯಕ್ಕೆ ಬೆಲೆ ಬಂದಿರುವುದು ಇದೇ ಕಾರಣಕ್ಕೆ. 2016ರಲ್ಲಿ ಬಂದ ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಯಾರು ಬೇಕಾದರೂ ತಮ್ಮದೇ ಸರ್ವರ್ ನಡೆಸಬಹುದು. 2018ರಲ್ಲಿ ಅಧಿಕೃತ ಮಾನದಂಡವಾದ ಆ್ಯಕ್ಟಿವಿಟಿಪಬ್ ಎಂಬ ಒಪ್ಪಂದದ ಭಾಷೆಯ ಮೂಲಕ ಆ ಸರ್ವರ್‌ಗಳು ಪರಸ್ಪರ ಮಾತನಾಡುತ್ತವೆ. ಇಮೇಲ್ ಮೊದಲಿನಿಂದಲೂ ಹೀಗೆಯೇ ಇದೆ ಎಂಬುದನ್ನು ನಾವು ಮರೆತಿದ್ದೇವೆ. ಕಡತಗಳನ್ನು ಹಲವರ ಕಂಪ್ಯೂಟರುಗಳಲ್ಲಿ ಹಂಚಿಡುವ ಐಪಿಎಫ್‌ಎಸ್ ಎಂಬ ವ್ಯವಸ್ಥೆ ಇನ್ನೂ ಮುಂದೆ ಹೋಗುತ್ತದೆ: ಅಲ್ಲಿ ಒಂದು ಕಡತದ ವಿಳಾಸವೆಂದರೆ ಅದು ಇರುವ ಜಾಗವಲ್ಲ, ಅದರೊಳಗಿನ ವಿಷಯದಿಂದಲೇ ಲೆಕ್ಕ ಹಾಕಿ ತೆಗೆದ ಗುರುತು, ಹಾಗಾಗಿ ಪ್ರತಿ ಯಾರ ಬಳಿ ಇದ್ದರೂ ಅಲ್ಲಿಂದ ಪಡೆಯಬಹುದು. ಟರ್ಕಿ 2017ರ ಏಪ್ರಿಲ್‌ನಲ್ಲಿ ವಿಕಿಪೀಡಿಯಾವನ್ನು ತಡೆದಾಗ ಟರ್ಕಿಶ್ ಆವೃತ್ತಿಯ ಪ್ರತಿಯನ್ನು ಐಪಿಎಫ್‌ಎಸ್‌ನಲ್ಲಿ ಇಟ್ಟರು. ಆ ತಡೆ 2020ರ ಜನವರಿಯವರೆಗೂ ಮುಂದುವರಿಯಿತು.

ಆದರೂ ಈ ಭರವಸೆಯನ್ನು ಇರುವುದಕ್ಕಿಂತ ದೊಡ್ಡದು ಮಾಡಿ ಹೇಳುವವರನ್ನು ನಾನು ಒಪ್ಪಲಾರೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಮ್ಮು ಮತ್ತು ಕಾಶ್ಮೀರದಲ್ಲಿ ಭಯೋತ್ಪಾದಕರು ಬಳಸುತ್ತಾರೆಂಬ ಕಾರಣಕ್ಕೆ 14 ಮೆಸೇಜಿಂಗ್ ಆ್ಯಪ್‌ಗಳನ್ನು ತಡೆದ ಪಟ್ಟಿಯಲ್ಲಿ ಎಲಿಮೆಂಟ್ ಮತ್ತು ಬ್ರಯರ್ ಎರಡೂ ಇದ್ದವು. ಎಲಿಮೆಂಟ್ ಹಲವು ಸರ್ವರ್‌ಗಳ ಒಕ್ಕೂಟದಲ್ಲಿ ನಡೆಯುವಂಥದ್ದು. ಬ್ರಯರ್ ಇಂಟರ್‌ನೆಟ್ ಇಲ್ಲದಿದ್ದರೂ ಬ್ಲೂಟೂತ್ ಮೂಲಕ ಸಂದೇಶ ದಾಟಿಸಬಲ್ಲದು. ಕೇಂದ್ರವೇ ಇಲ್ಲದ ವ್ಯವಸ್ಥೆಗೂ ಆ್ಯಪ್ ಅಂಗಡಿ ಎಂಬ ಹೆಬ್ಬಾಗಿಲು ಇದ್ದೇ ಇರುತ್ತದೆ. ಅದಕ್ಕಿಂತ ಕೆಳಗೆ ಟವರ್ ಮತ್ತು ತಂತಿ ಇವೆ. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಮೊಬೈಲ್ ಇಂಟರ್‌ನೆಟ್ ನಿಲ್ಲಿಸಿದಾಗ, ಮಕ್ಕಳನ್ನು ಅಲ್ಲಿ ಓದಲು ಬಿಟ್ಟಿದ್ದ ಘಟ್ಟದ ಮೇಲಿನ ಕುಟುಂಬಗಳಿಗೆ ಯಾವ ವಿಕೇಂದ್ರೀಕೃತ ತಂತ್ರಾಂಶವೂ ನೆರವಾಗುವಂತಿರಲಿಲ್ಲ. ಮರುತಿಂಗಳು, 2020ರ ಜನವರಿ 10ರಂದು, ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಟರ್‌ನೆಟ್ ಸ್ಥಗಿತದ ಆದೇಶಗಳನ್ನು ಪ್ರಕಟಿಸಲೇಬೇಕು, ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ ಎಂದು ಹೇಳಿತು. ಇಂಥ ಜಾಗದಲ್ಲಿ ಕೆಲಸಕ್ಕೆ ಬರುವುದು ಕಾನೂನೇ ಹೊರತು ಕೋಡ್ ಅಲ್ಲ.

ಇನ್ನೊಂದು ಮಾತನ್ನು ಹಾಸನದಲ್ಲಿ ಕುಳಿತು ಬರೆಯುವ ನಾನು ದಾಟಿಹೋಗಲಾರೆ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿಗೆ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ದೃಶ್ಯಗಳು ಪೆನ್‌ಡ್ರೈವ್‌ಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಹರಡಿದವು. ಸಂತ್ರಸ್ತೆಯರ ಮುಖಗಳನ್ನು ಮರೆಮಾಡುವಷ್ಟು ಕನಿಷ್ಠ ಕಾಳಜಿಯೂ ಹಂಚಿದವರಿಗೆ ಇರಲಿಲ್ಲ. ಪೆನ್‌ಡ್ರೈವ್‌ಗೆ ಸರ್ವರ್ ಇಲ್ಲ, ಮಾಲೀಕ ಕಂಪನಿ ಇಲ್ಲ, ತಡೆಯಲು ವಿಳಾಸ ಇಲ್ಲ. ಪ್ರತಿ ಯಾರ ಬಳಿ ಇದೆಯೋ ಅವರೇ ಮುಂದಿನವರಿಗೆ ಕೊಡುವವರು. ಅಳಿಸಲಾಗದ ಜಾಲವನ್ನು ಹೊಗಳುವವರೆಲ್ಲ ಆ ಹೆಣ್ಣುಮಕ್ಕಳ ಕಡೆಯಿಂದ ಒಮ್ಮೆ ಅದನ್ನು ನೋಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಟರ್ಕಿಯ ಓದುಗನನ್ನು ಕಾಪಾಡಿದ ಗುಣವೇ ಇಲ್ಲಿ ಹೆಣ್ಣೊಬ್ಬಳ ಬಾಳನ್ನು ಮತ್ತೆ ಮತ್ತೆ ಸುಡುತ್ತದೆ. ಇಟ್ಟುಕೊಳ್ಳುವುದೂ ಹಂಚುವುದೂ ಅಪರಾಧ ಎಂದು ತನಿಖಾ ತಂಡ ಎಚ್ಚರಿಕೆ ಕೊಡಬೇಕಾಯಿತು, ಏಕೆಂದರೆ ಅಳಿಸುವ ಕೆಲಸ ಒಬ್ಬೊಬ್ಬರ ಕೈಯಲ್ಲೇ ಆಗಬೇಕಿತ್ತು.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಪ್ಪಿಗೆಯಾಗುವುದು ಯಾರಿಂದಲೂ ಅಳಿಸಲಾಗದ ಜಾಲವಲ್ಲ, ಅಳಿಸುವವರು ಯಾರೆಂದು ಎಲ್ಲರಿಗೂ ಗೊತ್ತಿರುವ ಒಕ್ಕೂಟದ ಮಾದರಿ. ಮಾಸ್ಟೊಡಾನ್ ಸರ್ವರೊಂದಕ್ಕೆ ನಡೆಸುವವರಿರುತ್ತಾರೆ, ಬರೆದಿಟ್ಟ ನಿಯಮಗಳಿರುತ್ತವೆ. ಹಾನಿ ಮಾಡುವ ಸರ್ವರ್‌ನೊಂದಿಗೆ ಉಳಿದವರು ಸಂಬಂಧ ಕಡಿದುಕೊಳ್ಳಬಹುದು. ನಿಯಮ ಹಿಡಿಸದವರು ತಮ್ಮ ಹಿಂಬಾಲಕರನ್ನು ಕರೆದುಕೊಂಡೇ ಬೇರೆ ಸರ್ವರಿಗೆ ಹೋಗಬಹುದು. ಇದಕ್ಕೆ ಹಣ ಬೇಕು, ರಾತ್ರಿ ದೂರು ಬಂದರೆ ಎದ್ದು ನೋಡುವ ಜನ ಬೇಕು, ಕನ್ನಡದ ಬೈಗುಳವನ್ನೂ ಕನ್ನಡದ ಟೀಕೆಯನ್ನೂ ಬೇರೆಮಾಡಿ ತಿಳಿಯುವವರು ಬೇಕು. ಆ ಕೊನೆಯ ಕೆಲಸವನ್ನು ದೂರದ ಕಂಪನಿಗಿಂತ ಹಾಸನದ ಅಥವಾ ಚಿಕ್ಕಮಗಳೂರಿನ ಒಂದು ಕಾಲೇಜು, ಒಂದು ಓದುಗರ ಬಳಗ ಖಂಡಿತ ಚೆನ್ನಾಗಿ ಮಾಡಬಲ್ಲದು. ಅಂಥದ್ದೊಂದು ಕಟ್ಟಲು ಯಾರ ಅಪ್ಪಣೆಯೂ ಬೇಕಾಗಿಲ್ಲ. 16ನೇ ನಿಯಮದ ಗೋಪ್ಯತೆ ಹೋಗಬೇಕಾದರೆ ಮಾತ್ರ ನಾವು ನಮ್ಮ ಸಂಸದರನ್ನು ಕೇಳಲೇಬೇಕು: ತಡೆದ ತಾಣದ ಪುಟದ ಮೇಲೆ, ಯಾವ ಕಾನೂನಿನಡಿ, ಯಾರ ಆದೇಶದಿಂದ, ಯಾವ ದಿನ ತಡೆಯಲಾಯಿತು ಎಂಬುದನ್ನೂ, ಅದರ ವಿರುದ್ಧ ಎಲ್ಲಿಗೆ ಅರ್ಜಿ ಹಾಕಬೇಕು ಎಂಬುದನ್ನೂ ಕನ್ನಡದಲ್ಲಿ ಬರೆದಿಡಲು ಆಗದೆ?