ಲೆಕ್ಕದ ಪುಸ್ತಕದಲ್ಲಿ ಅಮ್ಮನ ಕೂಲಿ

ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರದ ಸೈಕಲ್ ಬರತೊಡಗಿದ್ದು 2006-07ರಲ್ಲಿ. ಸಾಗರ ತಾಲ್ಲೂಕಿನ ನಮ್ಮ ಪ್ರೌಢಶಾಲೆಗೆ ನಾನು ಸೇರಿದ್ದೂ ಅದೇ ವರ್ಷ. ಅಪ್ಪ ಅಡಿಕೆ ತೋಟಗಳಲ್ಲಿ ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊಂಚಲು, ಇಳಿಸುವವರು. ಅಮ್ಮ ನೆಟ್ಟಿಗೆ, ಕೊಯ್ಲಿಗೆ, ಅಡಿಕೆ ಸುಲಿಯಲು ಹೋಗುವವರು. ಈಗ ನಾನೂ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಶಾಲೆಯ ಸಂಚಿಕೆಗೆ ನೆನಪು ಬರೆದುಕೊಡಿ ಎಂದು ನಾನು ಓದಿದ ಆ ಶಾಲೆಯಿಂದ ಕೇಳಿದಾಗ ವಾರ್ಷಿಕೋತ್ಸವ, ಕಬಡ್ಡಿ, ಪ್ರವಾಸಗಳನ್ನು ಬೇರೆಯವರಿಗೆ ಬಿಟ್ಟು ಒಂದೇ ಸಂಗತಿ ಬರೆಯಬೇಕೆನಿಸಿತು. ಹೆಣ್ಣು ಗಂಡಿನ ನಡುವಿನ ತಾರತಮ್ಯವನ್ನು, ಉಳ್ಳವರು ಇಲ್ಲದವರ ನಡುವಿನ ಅನ್ಯಾಯವನ್ನು ನಮ್ಮ ಶಿಕ್ಷಕರು ಉಪದೇಶದ ಪೀರಿಯಡ್ಡಿಗೆ ಎತ್ತಿಡಲಿಲ್ಲ. ಲೆಕ್ಕ, ವಿಜ್ಞಾನ, ಸಮಾಜ, ಕನ್ನಡ ಎಲ್ಲದರ ಒಳಗೂ ಅದು ಬರುತ್ತಿತ್ತು.

ಮೊದಲು ಗಣಿತದ ಮೇಷ್ಟರು. ಕಾಲ ಮತ್ತು ಕೆಲಸದ ಲೆಕ್ಕಗಳು ಎಲ್ಲರಿಗೂ ಗೊತ್ತು: ಇಷ್ಟು ಗಂಡಸರು ಒಂದು ಗದ್ದೆಯನ್ನು ಇಷ್ಟು ದಿನದಲ್ಲಿ ಕೊಯ್ದರೆ, ಅದೇ ಕೆಲಸಕ್ಕೆ ಇಷ್ಟು ಹೆಂಗಸರು ಬೇಕು. ಅಂಥ ಲೆಕ್ಕಗಳಲ್ಲಿ ಹೆಂಗಸರ ಸಂಖ್ಯೆ ಯಾವಾಗಲೂ ಹೆಚ್ಚು. ಮೇಷ್ಟರು ಲೆಕ್ಕ ಬಿಡಿಸಿ ಮುಗಿಸಿ, ಸೀಮೆಸುಣ್ಣ ಕೆಳಗಿಟ್ಟು ಕೇಳಿದರು: "ಇದು ಯಾವ ಊರಿನ ಗದ್ದೆ? ನಿಮ್ಮೂರಿನದು ಹೀಗಿದೆಯೇ? ವಿಚಾರಿಸಿಕೊಂಡು ಬನ್ನಿ."

ಮನೆಮನೆ ತಿರುಗಿ ವಿಚಾರಿಸಿದೆವು. ನೆಟ್ಟಿಗೆ ಗಂಡಾಳನ್ನು ಕರೆಯುವವರೇ ಸಿಗಲಿಲ್ಲ. ಸಸಿ ನೆಡುವುದು ಪೂರ್ತಿ ಹೆಣ್ಣಾಳುಗಳ ಕೆಲಸ. ಆದರೂ ದಿನಗೂಲಿ ಬರೆದ ಕಡೆಯಲ್ಲೆಲ್ಲ ಹೆಣ್ಣಾಳಿನದು ಕಡಿಮೆ. ಅಡಿಕೆ ಸುಲಿಯುವಲ್ಲಿ ಮಾತ್ರ ಚಿತ್ರ ಬೇರೆಯಾಯಿತು. ಅಲ್ಲಿ ತೂಕದ ಲೆಕ್ಕ. ಮೆಟ್ಟುಗತ್ತಿಯ ಮುಂದೆ ಯಾರು ಕುಳಿತರೂ ಸುಲಿದಷ್ಟಕ್ಕೆ ದುಡ್ಡು. ರಾತ್ರಿ ಹತ್ತರವರೆಗೆ ಸುಲಿಯುತ್ತಿದ್ದ ಅಮ್ಮ ಎಷ್ಟೋ ಗಂಡಸರಿಗಿಂತ ಹೆಚ್ಚು ಸಂಪಾದಿಸುತ್ತಿದ್ದರು. ಮೇಷ್ಟರು ಎರಡೂ ಪಟ್ಟಿಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆಸಿದರು. ಕೆಲಸವನ್ನು ಅಳೆದು ಕೊಟ್ಟಲ್ಲಿ ವ್ಯತ್ಯಾಸವಿಲ್ಲ. ಆಳನ್ನು ನೋಡಿ ಕೊಟ್ಟಲ್ಲಿ ವ್ಯತ್ಯಾಸವಿದೆ. ಅವರು ಹೇಳಿಕೊಡದೆಯೇ ತರಗತಿಯೇ ಆ ತೀರ್ಮಾನಕ್ಕೆ ಬಂದಿತು.

ಹಿಂದಿನ ಬೆಂಚಿನ ಒಬ್ಬ ಎದ್ದು ನಿಂತು, "ಸಾರ್, ಮರ ಹತ್ತುವವರು ಜೀವ ಪಣಕ್ಕಿಡುತ್ತಾರೆ. ಅವರಿಗೆ ಹೆಚ್ಚು ಕೊಡಬಾರದೇ?" ಎಂದ. ನನ್ನ ಅಪ್ಪನ ಪರವಾಗಿ ಕೇಳಿದ ಪ್ರಶ್ನೆ ಅದು. ಮೇಷ್ಟರು ಒಪ್ಪಿದರು. ಅಪಾಯಕ್ಕೂ ಕೌಶಲಕ್ಕೂ ಬೆಲೆ ಇರಲೇಬೇಕು, ಕೊನೆಗಾರನ ಕೂಲಿಯನ್ನು ಬೇರೆಯೇ ಬರೆಯಿರಿ ಎಂದರು. ಬರೆದೆವು. ಆಮೇಲೆ ಕೇಳಿದರು: "ಕೆಳಗೆ ನಿಂತು ಕೊನೆ ಹೊರುವ ಗಂಡಾಳಿಗೆ ಎಷ್ಟು? ಅವನ ಜೊತೆಯಲ್ಲೇ ಉದುರಡಿಕೆ ಹೆಕ್ಕಿ ಹೊರುವ ಹೆಣ್ಣಾಳಿಗೆ ಎಷ್ಟು?" ಸಮಾನ ವೇತನ ಕಾಯಿದೆ 1976ರಲ್ಲೇ ಬಂದಿದೆ ಎಂಬ ಸಂಗತಿಯನ್ನು ನಾನು ಕೇಳಿದ್ದು ಆ ಗಣಿತದ ಪೀರಿಯಡ್ಡಿನಲ್ಲಿ. ಉದಾಹರಣೆ ಇಲ್ಲದೆ ಅದನ್ನು ಬಾಯಿಪಾಠ ಮಾಡಿಸಿದ್ದರೆ ಪರೀಕ್ಷೆಯ ಮರುದಿನವೇ ಮರೆಯುತ್ತಿದ್ದೆ.

ವೃತ್ತನಕ್ಷೆಯನ್ನೂ ಹೀಗೆಯೇ ಕಲಿತೆವು. ದಿನಕ್ಕೆ 24 ಗಂಟೆ, ವೃತ್ತಕ್ಕೆ 360 ಡಿಗ್ರಿ, ಗಂಟೆಗೆ 15 ಡಿಗ್ರಿ. ಮನೆಯ ಒಬ್ಬೊಬ್ಬರ ದಿನವನ್ನೂ ಬರೆದು ತರಬೇಕು. ಅಪ್ಪನ ನಕ್ಷೆ ಸಲೀಸಾಗಿ ಮುಗಿಯಿತು. ಅಮ್ಮನದು ಕೂಡಿಸಿದರೆ 360 ದಾಟುತ್ತಿತ್ತು. ಒಲೆಯ ಮುಂದೆ ಕುಳಿತೇ ಮಗುವಿಗೆ ಉಣ್ಣಿಸುವುದು, ದನ ಮೇಯಿಸುತ್ತಲೇ ಸೌದೆ ಆಯುವುದು. ಒಂದು ಗಂಟೆಯೊಳಗೆ ಎರಡು ಕೆಲಸ ಕೂತಿದ್ದವು. ತರಗತಿಯಲ್ಲಿ ಹಲವರ ನಕ್ಷೆ ಹೀಗೆಯೇ ಕೆಟ್ಟಿತ್ತು. ಮೇಷ್ಟರು ಯಾರ ನಕ್ಷೆಗೂ ತಪ್ಪು ಹಾಕದೆ, ಇದನ್ನು ಸರಿಯಾಗಿ ತೋರಿಸಲು ಬೇರೆ ಯಾವ ನಕ್ಷೆ ಬೇಕು ಎಂದು ಒಂದು ಪೀರಿಯಡ್ ಚರ್ಚಿಸಿದರು. ಗಣಿತ ಕಲಿಸುವ ನನ್ನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಗಣಿತದ ಪಾಠವನ್ನು ನಾನು ಇನ್ನೂ ಮಾಡಿಲ್ಲ.

ಸಮಾಜ ವಿಜ್ಞಾನದವರು ಕಾಗೋಡನ್ನು ಕಲಿಸಿದ್ದು ನಮಗೆ ಹತ್ತಿರದ ಊರು ಎಂಬ ಹೆಮ್ಮೆಯಿಂದ. 1951ರ ಗೇಣಿದಾರರ ಸತ್ಯಾಗ್ರಹ, ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದದ್ದು, ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯೇ ಜಗಳದ ಒಂದು ಮೂಲವಾದದ್ದು. ಅಷ್ಟು ಕೇಳಿದ್ದೇ ತಡ, ಗಣಿತದ ಮೇಷ್ಟರು ಯಾರದೋ ಮನೆಯಿಂದ ಹಳೆಯ ಕೊಳಗ ತಂದು ಸಿಲಿಂಡರಿನ ಘನಫಲಕ್ಕೆ ಇಳಿದರು. ಎತ್ತರ ಅಷ್ಟೇ ಇದ್ದು ತ್ರಿಜ್ಯ ಹತ್ತರಲ್ಲೊಂದು ಪಾಲು ಹಿಗ್ಗಿದರೆ ಭತ್ತ ಶೇ. 21ರಷ್ಟು ಹೆಚ್ಚು ಹಿಡಿಯುತ್ತದೆ. ಕಣ್ಣಿಗೆ ಎರಡೂ ಒಂದೇ ಕೊಳಗ. ಅನ್ಯಾಯ ಎಷ್ಟು ಸದ್ದಿಲ್ಲದೆ ಅಳತೆಯೊಳಗೆ ಸೇರಿಕೊಳ್ಳಬಹುದು ಎಂಬುದು ವರ್ಗದ ಸೂತ್ರದಿಂದ ಅರ್ಥವಾಯಿತು.

ಆದರೆ ಸಮಾಜದ ಮೇಡಂ ಅಲ್ಲಿಗೆ ನಿಲ್ಲಿಸಲಿಲ್ಲ. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು. ಸರಿ, ಯಾರ ಹೆಸರಿಗೆ? ಮನೆಯಲ್ಲಿರುವ ಪಹಣಿ ನೋಡಿ ಬನ್ನಿ ಎಂದರು. ಭೂಮಿ ಇದ್ದ ಮನೆಗಳ ಮಕ್ಕಳು ತಂದ ಪಟ್ಟಿಯಲ್ಲಿ ಅಜ್ಜ, ಅಪ್ಪ, ದೊಡ್ಡಪ್ಪ. ಹೆಂಗಸಿನ ಹೆಸರಿದ್ದಲ್ಲಿ ಆಕೆ ಹೆಚ್ಚಾಗಿ ವಿಧವೆ. ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಬರುವ ಹಕ್ಕನ್ನು ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು, ಇಡೀ ದೇಶಕ್ಕೆ ಅದು 2005ರಲ್ಲಿ ಬಂದಿತು ಎಂದು ಅವರು ಹೇಳಿದ ದಿನ ಹುಡುಗಿಯರ ಸಾಲಿನಲ್ಲಿ ಎದ್ದ ಗುಸುಗುಸು ನನಗೆ ಚೆನ್ನಾಗಿ ನೆನಪಿದೆ. ನಮ್ಮ ಮನೆಯಲ್ಲಿ ಹಂಚಿಕೊಳ್ಳಲು ಭೂಮಿಯೇ ಇರಲಿಲ್ಲ. ಆ ಮಾತನ್ನು ನಾನು ಹೇಳಿದಾಗ ಮೇಡಂ ಅದನ್ನೂ ಹಲಗೆಯ ಮೇಲೆ ಬರೆದರು.

ವಿಜ್ಞಾನದಲ್ಲಿ ನೆನಪಿರುವುದು ಮಂಗನ ಕಾಯಿಲೆಯ ಪಾಠ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಕಾಯಿಲೆ. ವೈರಸ್ ಹರಡುವುದು ಉಣುಗಿನ ಕಡಿತದಿಂದ. ಬೇಸಿಗೆಯ ಒಣ ತಿಂಗಳುಗಳಲ್ಲಿ ಕಾಡಿಗೆ ಹೋಗುವವರು ಯಾರು ಎಂಬುದೇ ವಿಜ್ಞಾನದ ಮೇಷ್ಟರ ಪ್ರಶ್ನೆ. ತರಗೆಲೆ ಗುಡಿಸಿ ತರುವವರು, ಸೊಪ್ಪಿನ ಬೆಟ್ಟಕ್ಕೆ ಹೋಗುವವರು, ಸೌದೆ ತರುವವರು. ಹೆಚ್ಚಿನವರು ಕೂಲಿ ಮನೆಗಳವರು, ಅದರಲ್ಲೂ ಹೆಂಗಸರು. ಎಣ್ಣೆ ಹಚ್ಚಿಕೊಳ್ಳಿ, ಕಾಡಿಗೆ ಹೋಗಬೇಡಿ ಎಂಬ ಕರಪತ್ರ ಸರಿಯೇ, ಆದರೆ ಒಲೆಗೆ ಸೌದೆ ಬೇಡವೇ ಎಂದು ಅವರು ಕೇಳಿದ್ದರು. ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವರ್ಣತಂತುವಿನಿಂದ ನಿರ್ಧಾರವಾಗುತ್ತದೆ ಎಂಬುದನ್ನು ಪೋಷಕರ ಸಭೆಯಲ್ಲೂ ಚಿತ್ರ ಬರೆದು ವಿವರಿಸಿದವರು ಇವರೇ. ಸರ್ಕಾರದ ಸೈಕಲ್ಲುಗಳ ಪಂಕ್ಚರ್ ಹಾಕುವುದನ್ನು ಹುಡುಗಿಯರಿಗೂ ಹುಡುಗರಿಗೂ ಒಟ್ಟಿಗೆ ಕಲಿಸಿದವರೂ ಇವರೇ.

ಕನ್ನಡ ಪಂಡಿತರದು ಮೆಲುದನಿ. ಶಿಕಾರಿಪುರದ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಅರಮನೆ ಬಿಟ್ಟಳೆಂಬುದಕ್ಕಿಂತ, ಅನುಭವ ಮಂಟಪದಲ್ಲಿ ಅಲ್ಲಮನ ಪ್ರಶ್ನೆಗಳಿಗೆ ಉತ್ತರ ಕೊಟ್ಟಳೆಂಬುದರ ಮೇಲೆ ಅವರ ಒತ್ತು. ಆಯ್ದಕ್ಕಿ ಲಕ್ಕಮ್ಮ ಗಂಡನಿಗೆ ಬುದ್ಧಿ ಹೇಳಿ ಹೆಚ್ಚುವರಿ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ ಕಥೆಯನ್ನು ಕೂಲಿಯ ಮಕ್ಕಳಾದ ನಮ್ಮ ಕಡೆ ನೋಡಿಯೇ ಹೇಳುತ್ತಿದ್ದರು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಲೆಕ್ಕ ಕಲಿಸುವುದು ಬಿಟ್ಟು ಮನೆ ಒಡೆಯುವ ಪಾಠ ಮಾಡುತ್ತಾರೆಂದು ಕೆಲವು ಪೋಷಕರು ದೂರು ತಂದರು. ಮುಖ್ಯೋಪಾಧ್ಯಾಯಿನಿ ನಮ್ಮ ನೋಟ್‌ಬುಕ್ಕುಗಳನ್ನು ಅವರ ಮುಂದೆ ಹರಡಿ, "ಇದು ಅನುಪಾತ, ಇದು ನಕ್ಷೆ, ಇದು ಘನಫಲ. ಎಲ್ಲವೂ ಪರೀಕ್ಷೆಗೆ ಬರುತ್ತದೆ. ತಪ್ಪು ಲೆಕ್ಕ ಇದ್ದರೆ ತೋರಿಸಿ" ಎಂದರು. ಆ ಧೈರ್ಯ ಇಲ್ಲದಿದ್ದರೆ ಈ ಪಾಠಗಳು ಮೊದಲ ವರ್ಷದಲ್ಲೇ ನಿಲ್ಲುತ್ತಿದ್ದವು.

ಒಂದು ಕೊರತೆಯನ್ನೂ ಹೇಳಬೇಕು. ಹೆಣ್ಣು ಗಂಡಿನ ಮಾತು ಬಂದಾಗ ತೆರೆದುಕೊಳ್ಳುತ್ತಿದ್ದ ತರಗತಿ ಜಾತಿಯ ಮಾತು ಬಂದಾಗ ಬಿಗಿಯಾಗುತ್ತಿತ್ತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ ಎಂದು ಬರೆದುಕೊಂಡೆವು, ಆದರೆ ಯಾರ ಮನೆಯ ಜಗುಲಿಯವರೆಗೆ ಯಾರು ಹೋಗಬಹುದು ಎಂಬ ಪಟ್ಟಿಯನ್ನು ಯಾರೂ ತರಿಸಲಿಲ್ಲ. ನಾನು ಬಿ.ಎಡ್. ಓದುವಾಗ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಿಕ್ಕಿತು. ಲಿಂಗ ಸಮಾನತೆಯ ಕಾಳಜಿ ಒಂದು ವಿಷಯಕ್ಕೆ ಸೀಮಿತವಾಗಬಾರದು ಎಂಬ ಮಾತು ಅದರ ಜೊತೆಗಿನ ಪ್ರಬಂಧಗಳಲ್ಲಿತ್ತು. ಓದಿ ಸಂತೋಷವಾಯಿತು. ನಮ್ಮ ಶಿಕ್ಷಕರು ಬಿಟ್ಟ ಜಾಗವೂ ಆಗಲೇ ಎದ್ದು ಕಂಡಿತು. ಅದು ಸಮಾಜ ವಿಜ್ಞಾನದವರ ಕೆಲಸ, ಗಣಿತದವರಿಗೇಕೆ ಎನ್ನುವ ಸಹೋದ್ಯೋಗಿಗಳೊಡನೆ ನಾನು ಇಂದಿಗೂ ವಾದಿಸುತ್ತೇನೆ. ಕೂಲಿ, ಅಳತೆ, ಹೊತ್ತು, ಪಾಲು ಇವೆಲ್ಲ ಸಂಖ್ಯೆಗಳೇ ಅಲ್ಲವೇ?

ಈಗಿನ ಶಿಕ್ಷಕರಲ್ಲಿ ಒಂದು ಕೋರಿಕೆ. ಈ ವರ್ಷದ ಅಡಿಕೆ ಕೊಯ್ಲು ಆರಂಭವಾಗುವಾಗ ಒಂಬತ್ತನೆಯ ತರಗತಿಯವರಿಂದ ಆ ಕೂಲಿ ಪಟ್ಟಿಯನ್ನು ಮತ್ತೆ ಮಾಡಿಸಿ. ಹೊರ ಊರುಗಳಿಂದ ಬರುವ ಕೆಲಸಗಾರರನ್ನು, ಸುಲಿಯುವ ಯಂತ್ರದ ಬಾಡಿಗೆಯನ್ನು, ಯಂತ್ರ ಬಂದ ಮೇಲೆ ಮೆಟ್ಟುಗತ್ತಿಯ ಮುಂದಿನ ಹೆಂಗಸರಿಗೆ ಏನು ಕೆಲಸ ಉಳಿದಿದೆ ಎಂಬುದನ್ನೂ ಅದರಲ್ಲಿ ಸೇರಿಸಿ. ನಮ್ಮ ಕಾಲದ ನೋಟ್‌ಬುಕ್ ನನ್ನ ಬಳಿ ಇದೆ, ಕಳಿಸಿಕೊಡುತ್ತೇನೆ.