ಹೇಗೂ ಮನೇಲೇ ಇರ್ತೀಯಲ್ಲ

ರಾಜೀನಾಮೆ ಪತ್ರ ಬರೆದಿಟ್ಟಿದ್ದೆ. ದಿನಾಂಕ ಒಂದು ಹಾಕಿರಲಿಲ್ಲ, ಅಷ್ಟೇ. ಆಫೀಸ್ ಬಿಟ್ಟು ಮನೆಯಲ್ಲೇ ಬಟ್ಟೆ ಬ್ಯಾಗ್ ಹೊಲಿದು ಮಾರಬೇಕು ಅನ್ನೋದು ನನ್ನ ಆಸೆ. 2 ವರ್ಷದಿಂದ ಶನಿವಾರ, ಭಾನುವಾರ ಹೊಲಿಯುತ್ತಿದ್ದೆ, ತಗೊಂಡವರು ಚೆನ್ನಾಗಿದೆ ಅಂತಿದ್ದರು, ಒಬ್ಬರಿಂದ ಇನ್ನೊಬ್ಬರಿಗೆ ಗೊತ್ತಾಗಿ ಆರ್ಡರ್ ಬರುತ್ತಿತ್ತು. ಇನ್ನೇನು ಬೇಕು ಅಲ್ವಾ? ಆದರೂ ಒಳಗೊಳಗೇ ಅಳುಕು. ಅದಕ್ಕೇ ಮೊದಲು 15 ದಿನ ರಜೆ ಹಾಕಿ, ಇದನ್ನೇ ಪೂರ್ತಿ ಮಾಡಿ ನೋಡೋಣ ಅಂತ ಕೂತೆ.

ಮೊದಲ ವಾರ ಮಜವಾಗಿತ್ತು. ನಾನು ಹೇಳಬೇಕಾಗಿರೋದು ಎರಡನೇ ವಾರದ ಬುಧವಾರದ ಕಥೆ.

ಶುಕ್ರವಾರಕ್ಕೆ 40 ಬ್ಯಾಗ್ ಕೊಡಬೇಕಿತ್ತು. ದಿನವೆಲ್ಲ ದುಡಿದರೂ ಕೆಲಸ ಯಾಕೆ ಸಾಗುತ್ತಿಲ್ಲ ಅಂತ ತಲೆಕೆಟ್ಟು, ಅವತ್ತು ಮೆಷಿನ್ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಎದ್ದಾಗೆಲ್ಲ ಟೈಮ್ ಬರೆಯೋದು. 9ಕ್ಕೆ ಕೂತೆ. 9.20ಕ್ಕೆ ಒಬ್ಬರು ಜಿಪ್ ಬಣ್ಣ ಕೇಳಿದರು, ಫೋಟೋ ಕಳಿಸಿದೆ, ಇನ್ನೊಂದು ಬಣ್ಣದ್ದು ಕಳಿಸಿ ಅಂದರು, ಅದನ್ನೂ ಕಳಿಸಿದೆ, ಕೊನೆಗೆ 'ಮನೇಲಿ ಕೇಳಿ ಹೇಳ್ತೀನಿ' ಅಂದರು. ಪಕ್ಕದ ಮನೆಯವರು ತಮ್ಮ ಪಾರ್ಸೆಲ್ ತಗೊಂಡಿಟ್ಟಿರಿ ಅಂದರು, 'ನೀವು ಹೇಗೂ ಮನೇಲೇ ಇರ್ತೀರಲ್ಲ'. ಅಮ್ಮನ ಫೋನು, 'ಏನೇ ಮಾಡ್ತಿದ್ದೀಯ, ಹೇಗೂ ಮನೇಲೇ ಇದ್ದೀಯಲ್ಲ, ಬಂದು ಹೋಗು'. ಹಿಡಿ ಹಚ್ಚುವ ಕಡೆ ದಪ್ಪ ಬಟ್ಟೆ ನಾಲ್ಕು ಪದರ ಬರುತ್ತೆ, 14ನೇ ನಂಬರ್ ಸೂಜಿ ಅಲ್ಲೇ ಮುರಿಯಿತು. ಅದಕ್ಕಿಂತ ದಪ್ಪದ 16ನೇ ನಂಬರ್ ಹಾಕಬೇಕು ಅಂತ ಗೊತ್ತು, ಆದರೆ ಖಾಲಿಯಾಗಿದ್ದನ್ನು ನೋಡಿಕೊಂಡಿರಲಿಲ್ಲ. ಒಂದು ಸೂಜಿಗೋಸ್ಕರ ಹೊರಗೆ ಹೋಗಿ ಬರೋಕೆ ಮುಕ್ಕಾಲು ಗಂಟೆ!

ರಾತ್ರಿ ಕೂಡಿಸಿದೆ. ಒಟ್ಟು 11 ಗಂಟೆ 50 ನಿಮಿಷ. ಮೆಷಿನ್ ಮೇಲೆ ಕೂತಿದ್ದು 4 ಗಂಟೆ 35 ನಿಮಿಷ.

ಅದೇ ಸಿಟ್ಟಿನಲ್ಲಿ ಲೆಕ್ಕವನ್ನೂ ತೆಗೆದೆ. ಅಲ್ಲಿವರೆಗೆ ನನ್ನ ಲೆಕ್ಕ ಸುಲಭವಾಗಿತ್ತು. ಬಂದ ದುಡ್ಡಲ್ಲಿ ಬಟ್ಟೆ, ಜಿಪ್, ದಾರದ ಖರ್ಚು ಕಳೆದರೆ ಉಳಿದದ್ದು ಲಾಭ. ಅದು ಲಾಭ ಅಲ್ಲವೇ ಅಲ್ಲ, ನನ್ನ ಕೂಲಿ. ಕತ್ತರಿಸುವಾಗ ಹಾಳಾಗುವ ಬಟ್ಟೆ, ಕರೆಂಟು, ಮೆಷಿನ್ ಸವೆತ ಅದರೊಳಗೇ ಬರಬೇಕು. ಅದೆಲ್ಲ ಕಳೆದು, ಹೊಲಿದ ಗಂಟೆ ಮಾತ್ರ ಅಲ್ಲ, ಮಾತಾಡಿದ, ಓಡಾಡಿದ, ಪ್ಯಾಕ್ ಮಾಡಿದ ಗಂಟೆಯನ್ನೂ ಸೇರಿಸಿ ಭಾಗಿಸಿದರೆ, ಆಫೀಸಿನಲ್ಲಿ ಒಂದು ಗಂಟೆಗೆ ಸಿಗೋದರ ಅರ್ಧ ಕೂಡ ಬರಲಿಲ್ಲ. ಅಲ್ಲಿ ರಜೆ ಹಾಕಿದರೂ ಸಂಬಳ ಬರುತ್ತೆ. ಈ 15 ದಿನ ನಾನು 'ಸ್ವಂತ ಕೆಲಸ' ಮಾಡಿದ್ದು ಆ ಸಂಬಳದ ಧೈರ್ಯದ ಮೇಲೆ!

ಆದರೆ ಇದ್ಯಾವುದೂ ನನ್ನನ್ನು ಅಷ್ಟು ಕಾಡಲಿಲ್ಲ. ಬಾಗಿಲು ಹಾಕಿಕೊಳ್ಳಬಹುದು, ರೇಟ್ ಜಾಸ್ತಿ ಮಾಡಬಹುದು. ಕಾಡಿದ್ದು ನೋಟ್‌ಬುಕ್ಕಿನ ಕೊನೆ ಸಾಲು: '8.10ರಿಂದ 8.50, ಬಾಕಿ ಕೇಳೋದು.' 25 ಬ್ಯಾಗ್ ತಗೊಂಡವರೊಬ್ಬರು 47 ದಿನದಿಂದ ದುಡ್ಡು ಕೊಟ್ಟಿರಲಿಲ್ಲ. ಬಟ್ಟೆಗೆ ನಾನು ನಗದು ಕೊಟ್ಟಿದ್ದೆ. ಆ 40 ನಿಮಿಷ ನಾನು ಮಾಡಿದ್ದು ಇಷ್ಟೇ, ಮೆಸೇಜ್ ಬರೆಯೋದು, ಅಳಿಸೋದು. 'ಬಿಡುವಾದಾಗ ನೋಡಿ', 'ತೊಂದರೆ ಇಲ್ಲ ಅಂದ್ರೆ', 'ಬೇಜಾರು ಮಾಡ್ಕೋಬೇಡಿ'. ಹಿಂದಿನಿಂದ ಇಣುಕಿ ನೋಡಿದ ನನ್ನವರು, 'ನಿನ್ ದುಡ್ಡು ತಾನೇ? ಸಾಲ ಕೇಳೋ ಥರ ಬರೀತಿದ್ದೀಯ' ಅಂದರು. ರೇಗಿತು. ಆ ಸಿಟ್ಟಲ್ಲೇ ಫೋನ್ ಮಾಡಿದೆ. ಅವರು, 'ಅಯ್ಯೋ, ಮರೆತೇಬಿಟ್ಟಿದ್ದೆ ನೋಡಿ' ಅಂದರು. 2 ನಿಮಿಷದಲ್ಲಿ ದುಡ್ಡು ಬಂತು.

ಖುಷಿ ಆಗಬೇಕಿತ್ತು. ಆಗಲಿಲ್ಲ. 47 ದಿನ ಅವರು ಆರಾಮಾಗಿದ್ದರು, ನಿದ್ದೆ ಕೆಡಿಸಿಕೊಂಡಿದ್ದು ನಾನು. ಆಫೀಸಿನಲ್ಲಿ ಬಾಕಿ ವಸೂಲಿಗೆ, ಸಾಮಾನು ತರಿಸೋಕೆ, ರೇಟ್ ಮಾತಾಡೋಕೆ ಬೇರೆ ಬೇರೆ ಜನ ಇದ್ದಾರೆ. ಅವರದ್ದೂ ಒಂದು ಕೆಲಸ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ, ನಿಜ ಹೇಳಬೇಕಂದ್ರೆ. ಹೊಲಿಗೆ ಬರುತ್ತಾ ಅಂತ ನನ್ನನ್ನೇ 2 ವರ್ಷ ಕೇಳಿಕೊಂಡೆ, ಬಾಯಿ ಬಿಟ್ಟು ದುಡ್ಡು ಕೇಳೋಕೆ ಬರುತ್ತಾ ಅಂತ ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಶುಕ್ರವಾರ ಹೇಗೋ 40 ಬ್ಯಾಗ್ ಕೊಟ್ಟೆ. ಸೋಮವಾರ ಆಫೀಸಿಗೆ ಹೋದೆ. ಸದ್ಯಕ್ಕೆ ಶನಿವಾರ, ಭಾನುವಾರ ಮಾತ್ರ ಹೊಲಿಗೆ. 6 ತಿಂಗಳ ಮನೆ ಖರ್ಚು ಕೂಡಿಡೋವರೆಗೆ, ಪ್ರತಿ ಆರ್ಡರಿಗೂ ಅರ್ಧ ಅಡ್ವಾನ್ಸ್ ಕೇಳಿ ಅಭ್ಯಾಸ ಆಗೋವರೆಗೆ, ಪತ್ರಕ್ಕೆ ದಿನಾಂಕ ಹಾಕಲ್ಲ.

ಮೊನ್ನೆ ಒಬ್ಬರು 30 ಬ್ಯಾಗ್ ಬೇಕು ಅಂದರು. ಅರ್ಧ ಮುಂಗಡ ಕೊಡಬೇಕಾಗುತ್ತೆ ಅಂದೆ, ಗಂಟಲು ಒಣಗಿತ್ತು. 'ನೋಡಿ ಹೇಳ್ತೀವಿ' ಅಂತ ಇಟ್ಟರು. ಪರವಾಗಿಲ್ಲ, ಆಮೇಲೇ ಕೊಡಿ ಅಂತ ವಾಪಸ್ ಫೋನ್ ಮಾಡೋಕೆ ಬೆರಳು ಎರಡು ಸಲ ಹೋಯಿತು. ಮಾಡಲಿಲ್ಲ. ಅವರೂ ಇನ್ನೂ ಮಾಡಿಲ್ಲ.