ಕಾರವಾರಕ್ಕೆ ಚಂದ್ರ 14 ನಿಮಿಷ ಲೇಟು

ಹೋದ ಸಂಕಷ್ಟಿಯ ರಾತ್ರಿ ನಮ್ಮ ಆಯಿ ಟೆರೇಸಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಪೂರ್ವಕ್ಕೆ ಮುಖ ಮಾಡಿ ಕುಳಿತಿದ್ದಳು. ಸಂಕಷ್ಟಿ ಅಂದರೆ ಹುಣ್ಣಿಮೆ ಕಳೆದ ಮೇಲಿನ ಚೌತಿ, ಚಂದ್ರನನ್ನು ಕಂಡ ಮೇಲೆಯೇ ಊಟ. ಆಯಿಗೆ ವಯಸ್ಸು 78. ಬೆಳಗಿನಿಂದ ಹೊಟ್ಟೆಗೆ ಹೋದದ್ದು ಎರಡು ಲೋಟ ಕಷಾಯ, ಒಂದು ಮಿಟ್ಲಿ ಬಾಳೆಹಣ್ಣು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಚಂದ್ರೋದಯ 8:52 ಎಂದು ಅಚ್ಚಾಗಿತ್ತು. 9 ಗಂಟೆ ಆಯಿತು. 9:10 ಆಯಿತು. ಗುಡ್ಡದ ಮೇಲೆ ಕತ್ತಲೆಯೇ ಕತ್ತಲೆ. ಮೋಡ ಇರಲಿಲ್ಲ, ನಕ್ಷತ್ರ ಚೆನ್ನಾಗಿ ಕಾಣುತ್ತಿದ್ದವು. ಚಂದ್ರ ಮಾತ್ರ ಇಲ್ಲ.

"ಇನ್ನೂ ಬಂಜ್ನಿಲ್ಲೆ" ಎಂದಳು ಆಯಿ, ಬಸ್ಸಿಗೆ ಕಾದವರ ಹಾಗೆ. ಆಮೇಲೆ ತನ್ನಷ್ಟಕ್ಕೇ ಗೊಣಗಿದಳು. ಭಾದ್ರಪದದ ಚೌತಿಯಲ್ಲಿ ನೋಡಬಾರದು ಅಂದರೆ ನೇರ ಮುಖದ ಎದುರಿಗೇ ಬಂದು ನಿಲ್ಲುತ್ತಾನೆ, ಸಂಕಷ್ಟಿಯಲ್ಲಿ ಬಾ ಅಂದರೆ ಅಡಗಿ ಕೂರುತ್ತಾನೆ, ಅಂತ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಕ್ಯಾಲೆಂಡರ್ ತಪ್ಪಾ, ಚಂದ್ರ ತಪ್ಪಾ ಎಂಬ ಪ್ರಶ್ನೆ ಬಂದರೆ ನನಗೆ ನಿದ್ದೆ ಬರುವುದಿಲ್ಲ. ಕೆಳಗೆ ಹೋಗಿ ಕ್ಯಾಲೆಂಡರನ್ನು ಮೊಳೆಯಿಂದ ಬಿಡಿಸಿಕೊಂಡು ಬಂದು ಮೊಬೈಲ್ ಬೆಳಕಿನಲ್ಲಿ ನೋಡಿದೆ. ತಳದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು: ಸಮಯಗಳೆಲ್ಲ ಬೆಂಗಳೂರಿಗೆ ಅನ್ವಯ.

ಅಲ್ಲಿಗೆ ಅರ್ಧ ಗುಟ್ಟು ಬಿಚ್ಚಿಕೊಂಡಿತು. ಬೆಂಗಳೂರು ಇರುವುದು ಸುಮಾರು 77.6 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಕಾರವಾರ 74.1ರಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಮೂರೂವರೆ ಡಿಗ್ರಿಗೆ 14 ನಿಮಿಷ. ಅಂದರೆ ಬೆಂಗಳೂರಿಗೆ ಕಂಡ ಚಂದ್ರ ನಮ್ಮ ಹತ್ತಿರ ಬರುವಾಗ 14 ನಿಮಿಷ ತಡ. ಋತುವಿಗೆ ತಕ್ಕಂತೆ ಮೂರ್ನಾಲ್ಕು ನಿಮಿಷ ಹೆಚ್ಚು ಕಡಿಮೆ ಆಗಬಹುದು.

ಇನ್ನರ್ಧ ಗುಟ್ಟು ಕಣ್ಣೆದುರಿಗೇ ಇತ್ತು. ಗುಡ್ಡ! ಪಂಚಾಂಗದವರ ಚಂದ್ರ ಹುಟ್ಟುವುದು ಅಡೆತಡೆ ಇಲ್ಲದ ದಿಗಂತದಲ್ಲಿ. ಕಾರವಾರದಲ್ಲಿ ಅಂಥ ದಿಗಂತ ಇರುವುದು ಪಶ್ಚಿಮಕ್ಕೆ ಮಾತ್ರ, ಸಮುದ್ರದ ಕಡೆ. ಪೂರ್ವದಲ್ಲಿ ಸಹ್ಯಾದ್ರಿ ಅಡ್ಡ ಬಿದ್ದಿದೆ. ಗುಡ್ಡ ಐದು ಡಿಗ್ರಿ ಎತ್ತರ ಕಂಡರೂ ಚಂದ್ರ ಅದನ್ನು ಹತ್ತಿ ಬರಲು ಇಪ್ಪತ್ತು ನಿಮಿಷದ ಮೇಲೆ ಬೇಕು. ಅವತ್ತು ನಮ್ಮ ಟೆರೇಸಿಗೆ ಅವನು ಮುಖ ತೋರಿಸಿದ್ದು 9:31ಕ್ಕೆ. ಆಯಿ ಅರ್ಘ್ಯ ಬಿಟ್ಟು, ಪಂಚಕಜ್ಜಾಯ ಬಾಯಿಗೆ ಹಾಕಿಕೊಂಡು, "ಅಂತೂ ಬಂದ ಮಾರಾಯ" ಎಂದು ಮೆಟ್ಟಿಲಿಳಿದಳು.

ಶಿರಸಿ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಇದ್ದಾಗ ಇನ್ನೂ ತಡ ಆಗುತ್ತಿತ್ತು. ಮನೆ ಕಣಿವೆಯ ತಳದಲ್ಲಿ, ಸುತ್ತ ಅಡಿಕೆ ಮರ. ಚಂದ್ರ ಮೊದಲು ಗುಡ್ಡ ಹತ್ತಬೇಕು, ಆಮೇಲೆ ಅಡಿಕೆ ಸೋಗೆಗಳ ಸಂದಿಯಲ್ಲಿ ದಾರಿ ಹುಡುಕಬೇಕು. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಆಷಾಢ, ಶ್ರಾವಣದ ಸಂಕಷ್ಟಿಗಳಲ್ಲಿ ಚಂದ್ರನನ್ನು ಕಂಡ ನೆನಪೇ ನನಗಿಲ್ಲ. ಆಗ ಆಯಿ ಜಗಲಿಯಲ್ಲಿ ಅಕ್ಕಿ ಹಿಟ್ಟಿನಿಂದ ಒಂದು ಚಂದ್ರ ಬರೆದು, ಪಂಚಾಂಗದ ಹೊತ್ತಿಗೆ ಅದಕ್ಕೇ ಅರ್ಘ್ಯ ಕೊಟ್ಟು ಊಟ ಮಾಡುತ್ತಿದ್ದಳು. ಹಿಟ್ಟಿನ ಚಂದ್ರ ಎಂದೂ ಲೇಟಾಗಿ ಬಂದದ್ದಿಲ್ಲ.

ಇಷ್ಟೆಲ್ಲ ಹೇಳುತ್ತಿರುವ ನಾನು ಸಂಕಷ್ಟಿಯ ದಿನವನ್ನೇ ತಪ್ಪು ಹಿಡಿದವಳು ಎಂಬುದನ್ನೂ ಹೇಳಿಬಿಡಬೇಕು. ಮದುವೆಯಾಗಿ ಘಟ್ಟ ಇಳಿದ ಹೊಸತು. ಕ್ಯಾಲೆಂಡರಿನ ಮಂಗಳವಾರದ ಚೌಕದಲ್ಲಿ ಚೌತಿ ಎಂದಿತ್ತು. ಮಂಗಳವಾರ ಸಂಕಷ್ಟಿ ಬಂದರೆ ಅಂಗಾರಕ, ವಿಶೇಷ. ಇಡಗುಂಜಿಯ ಗಣಪತಿ ದೇವಸ್ಥಾನದಲ್ಲಿ ಅವತ್ತು ಸರತಿ ಸಾಲು ಜಾಸ್ತಿ. ನಾನು ನಿರ್ಜಲ ಉಪವಾಸ ಮಾಡಿ, ಸಂಜೆ ಆಯಿಗೆ ಫೋನ್ ಮಾಡಿ, ಸ್ವಲ್ಪ ಜಂಬದಿಂದಲೇ ಹೇಳಿದೆ. ಆ ಕಡೆಯಿಂದ ನಗು. "ಸಂಕಷ್ಟಿ ನಿನ್ನೆನೇ ಆತಲೇ ಕೂಸೆ!"

ಆಗಿದ್ದು ಇಷ್ಟು. ಚೌತಿ ಶುರುವಾದದ್ದು ಸೋಮವಾರ ಸಂಜೆ 4ಕ್ಕೆ, ಮುಗಿದದ್ದು ಮಂಗಳವಾರ ಮಧ್ಯಾಹ್ನ 3ಕ್ಕೆ. ಮಂಗಳವಾರ ಬೆಳಗ್ಗೆ ಸೂರ್ಯ ಹುಟ್ಟುವಾಗ ಚೌತಿ ಇತ್ತು, ಹಾಗಾಗಿ ಚೌಕದಲ್ಲಿ ಚೌತಿ. ಆದರೆ ಚಂದ್ರ ಹುಟ್ಟುವಾಗ ಚೌತಿ ಇದ್ದದ್ದು ಸೋಮವಾರ ರಾತ್ರಿ. ಸಂಕಷ್ಟಿಗೆ ಲೆಕ್ಕ ಚಂದ್ರನದ್ದು, ಸೂರ್ಯನದ್ದಲ್ಲ. ನಾನು ಪಂಚಮಿಯ ಚಂದ್ರನನ್ನು ಕಾಯುತ್ತಾ ಹಸಿದು ಕೂತಿದ್ದೆ.

ಆ ಸಂಜೆ ನನಗೆ ಹೊಳೆದದ್ದೇ ಮುಂದೆ ಎಲ್ಲ ಉಪವಾಸಕ್ಕೂ ಕೀಲಿಕೈ ಆಯಿತು. ಚೌಕದಲ್ಲಿ ಯಾವ ತಿಥಿ ಬರೆದಿದೆ ಎಂದು ನೋಡಿದರೆ ಸಾಲದು. ಆ ವ್ರತ ಯಾವ ಹೊತ್ತನ್ನು ಕಾಯುತ್ತದೆ ಎಂದು ಮೊದಲು ಕೇಳಬೇಕು. ಸಂಕಷ್ಟಿಗೆ ಚಂದ್ರ ಹುಟ್ಟುವ ಹೊತ್ತು. ಪ್ರದೋಷಕ್ಕೆ ಸೂರ್ಯ ಮುಳುಗುವ ಹೊತ್ತು, ಆಗ ತ್ರಯೋದಶಿ ಇರಬೇಕು. ಕೃಷ್ಣಾಷ್ಟಮಿಗೆ, ಶಿವರಾತ್ರಿಗೆ ನಡುರಾತ್ರಿ. 2025ರ ಶಿವರಾತ್ರಿ ನೆನಪಿದೆಯಾ? ಫೆಬ್ರವರಿ 26, ಬುಧವಾರ. ಅವತ್ತು ಬೆಳಗ್ಗೆ ಎದ್ದಾಗ ಇದ್ದದ್ದು ತ್ರಯೋದಶಿ. ಚತುರ್ದಶಿ ಶುರುವಾದದ್ದು 11 ಗಂಟೆ ದಾಟಿದ ಮೇಲೆ, ಮುಗಿದದ್ದು ಮರುದಿನ ಬೆಳಗ್ಗೆ 9ರ ಹತ್ತಿರ. ಸೂರ್ಯೋದಯ ಹಿಡಿದು ಹೋಗಿದ್ದರೆ ಶಿವರಾತ್ರಿ 27ಕ್ಕೆ ಆಗಬೇಕಿತ್ತು. ಆದರೆ ನಡುರಾತ್ರಿ ಚತುರ್ದಶಿ ಸಿಕ್ಕಿದ್ದು 26ಕ್ಕೆ. ಗೋಕರ್ಣದಲ್ಲಿ ಜನ ಮಹಾಬಲೇಶ್ವರನ ಮುಂದೆ ಸಾಲು ನಿಂತದ್ದೂ ಅವತ್ತೇ. ಅಂದಹಾಗೆ ನಮ್ಮ ನಡುರಾತ್ರಿಯೂ ಗಡಿಯಾರದ 12ಕ್ಕೆ ಬರುವುದಿಲ್ಲ. ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಕಾರವಾರ ಅದಕ್ಕಿಂತ ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ಹಿಂದಿದೆ.

ಸೋಮವಾರ, ಶನಿವಾರದ ಒಪ್ಪತ್ತುಗಳಿಗೆ ಈ ಯಾವ ತಲೆಬಿಸಿಯೂ ಇಲ್ಲ. ಸೋಮಾರಿಗಳಿಗೆ ನನ್ನ ಸಲಹೆ ಅದೇ.

ಏಕಾದಶಿಯ ಪಾಠ ಕಲಿಸಿದವರು ಮಾತ್ರ ನಮ್ಮ ಮನೆ ಮಾಲೀಕರ ಹೆಂಡತಿ. ಕಾಜುಬಾಗದಲ್ಲಿ ನಾವು ಮೇಲೆ, ಅವರು ಕೆಳಗೆ. ಕೊಂಕಣಿಯವರು, ಮಾಧ್ವ ಮಠದ ಶಿಷ್ಯರು. ನಾವು ಹವ್ಯಕರು, ಸ್ಮಾರ್ತರು. ಒಂದು ಏಕಾದಶಿಯ ಬೆಳಗ್ಗೆ ಅವರು ತಟ್ಟೆ ಮುಚ್ಚಿಕೊಂಡು ಮೇಲೆ ಬಂದರು. ಮುಚ್ಚಳ ತೆಗೆದರೆ ಬಿಸಿ ಬಿಸಿ ಕೊಟ್ಟೆ ಕಡುಬು. ಹಲಸಿನ ಎಲೆಯ ಘಮ ಅಡುಗೆಮನೆಯನ್ನೆಲ್ಲ ತುಂಬಿತು. "ಅಯ್ಯೋ ಬಾಯಮ್ಮ, ಇವತ್ತು ಏಕಾದಶಿ ಅಲ್ವಾ?" ಎಂದೆ. ಅವರು ನನ್ನನ್ನು ಕರುಣೆಯಿಂದ ನೋಡಿ, "ಆಜ ನ್ಹಯ್, ಫಾಲ್ಯಾಂ" ಎಂದರು. ಇವತ್ತಲ್ಲ, ನಾಳೆ. ನಾನು ಕಡುಬು ನೋಡುತ್ತಾ ಗೆಣಸು ತಿಂದೆ. ಮರುದಿನ ನಾನು ಅನ್ನ ಸಾರು ಉಣ್ಣುವಾಗ ಅವರು ಸಾಬಕ್ಕಿ ಹುರಿಯುತ್ತಿದ್ದರು.

ಸುಮ್ನೆ ಬಿಡಲಿಲ್ಲ, ಕೂತು ಕೇಳಿದೆ. ಅವತ್ತು ದಶಮಿ ಮುಗಿದದ್ದು ಬೆಳಗ್ಗೆ 5:40ಕ್ಕೆ. ಸೂರ್ಯೋದಯ 6:30ರ ಹತ್ತಿರ. ನಮ್ಮ ಲೆಕ್ಕಕ್ಕೆ ಸೂರ್ಯ ಹುಟ್ಟುವಾಗ ಏಕಾದಶಿ ಇತ್ತು, ಸರಿ. ಅವರದ್ದು ಅಷ್ಟಕ್ಕೆ ಮುಗಿಯುವುದಿಲ್ಲ. ಸೂರ್ಯೋದಯಕ್ಕೆ 4 ಗಳಿಗೆ ಮೊದಲು ಅರುಣೋದಯ. ಒಂದು ಗಳಿಗೆಗೆ 24 ನಿಮಿಷ, ಅಂದರೆ 96 ನಿಮಿಷ ಮೊದಲು, 4:54. ಆ ಹೊತ್ತಿಗೂ ದಶಮಿ ಇರಬಾರದು. ಇದ್ದರೆ ಅದು ದಶಮಿ ವೇಧ, ಏಕಾದಶಿ ಕೆಟ್ಟಿತು, ಉಪವಾಸ ಮರುದಿನ ದ್ವಾದಶಿಗೆ. "ಒಂದು ಚರಿಗೆ ಹಾಲಿಗೆ ಒಂದೇ ಹನಿ ಹುಳಿ ಬಿದ್ದರೂ ಹಾಲು ಹಾಲೇ ಆಗಿರ್ತದಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಯಾಲೆಂಡರಿನಲ್ಲಿ ಒಂದು ದಿನ ಸ್ಮಾರ್ತ ಏಕಾದಶಿ, ಮರುದಿನ ಭಾಗವತ (ಅಂದರೆ ವೈಷ್ಣವರ) ಏಕಾದಶಿ ಎಂದು ಎರಡು ಸಲ ಬರೆಯುವುದು ಇದಕ್ಕೇ. ಒಳಗೆ ಇನ್ನೂ ಕವಲುಗಳಿವೆ, ಆದರೆ ಗಲಾಟೆ ಜಾಸ್ತಿ ಆಗುವುದು ಈ 96 ನಿಮಿಷದಲ್ಲೇ.

ಉಪವಾಸ ಬಿಡುವುದಕ್ಕೂ ಹೊತ್ತು ಇದೆ. ದ್ವಾದಶಿಯ ಮೊದಲ ಕಾಲು ಭಾಗ ಹರಿವಾಸರ, ಅದು ಕಳೆಯಬೇಕು. ದ್ವಾದಶಿ ಮುಗಿಯುವುದರೊಳಗೆ ಪಾರಣೆ ಆಗಬೇಕು. ಕೆಲವು ಸಲ ದ್ವಾದಶಿ ಬೆಳಗ್ಗೆ ಚೂರೇ ಚೂರು ಉಳಿದಿರುತ್ತದೆ. ಅವತ್ತು ಕೆಳಗಿನ ಮನೆಯಲ್ಲಿ ನಸುಕಿಗೇ ಒಗ್ಗರಣೆ ಸದ್ದು. ನನ್ನ ಅಲಾರಂ ಬೇಡ.

ಇಷ್ಟೆಲ್ಲ ಗೊಂದಲ ಯಾಕೆ ಎಂದು ನನ್ನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು. ತಿಥಿ ಅಂದರೆ ದಿನ ಅಲ್ಲ, ಕೋನ ಎಂದೆ. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. 360 ಡಿಗ್ರಿಗೆ 30 ತಿಥಿ. ಚಂದ್ರ ಭೂಮಿಯ ಹತ್ತಿರ ಇದ್ದಾಗ ಓಡುತ್ತಾನೆ, ದೂರ ಇದ್ದಾಗ ನಿಧಾನಿಸುತ್ತಾನೆ. ಹಾಗಾಗಿ ಒಂದು ತಿಥಿ 20 ಗಂಟೆಗೇ ಮುಗಿಯಬಹುದು, ಇನ್ನೊಂದು 26 ಗಂಟೆ ದಾಟಬಹುದು. 24 ಗಂಟೆಯ ಡಬ್ಬಿಯಲ್ಲಿ ಅದು ಹಿಡಿಸುವುದಿಲ್ಲ. ಒಂದು ತಿಥಿ ಎರಡು ಸೂರ್ಯೋದಯ ನೋಡಿಬಿಡುತ್ತದೆ, ಇನ್ನೊಂದು ಒಂದನ್ನೂ ನೋಡದೆ ಹೋಗುತ್ತದೆ. ತಿಥಿ ಬದಲಾಗುವ ಕ್ಷಣ ಇಡೀ ದೇಶಕ್ಕೆ ಒಂದೇ, ಸೂರ್ಯೋದಯ ಮಾತ್ರ ಊರೂರಿಗೆ ಬೇರೆ. ದಶಮಿ 6:25ಕ್ಕೆ ಮುಗಿಯಿತು ಅನ್ನಿ. ಬೆಂಗಳೂರಿನಲ್ಲಿ ಸೂರ್ಯ 6:20ಕ್ಕೇ ಹುಟ್ಟಿದ್ದರೆ ಅಲ್ಲಿ ದಶಮಿಯ ದಿನ. ಇಲ್ಲಿ 6:34ಕ್ಕೆ ಹುಟ್ಟುತ್ತಾನೆ, ನಮಗೆ ಏಕಾದಶಿ. ಬೆಂಗಳೂರಿನ ನಾದಿನಿಗೂ ನನಗೂ ಒಮ್ಮೆ ಈ ವಿಷಯಕ್ಕೇ ಫೋನಿನಲ್ಲಿ ವಾದ ಆಗಿತ್ತು. ಇಬ್ಬರೂ ಸರಿ ಇದ್ದೆವು, ಆದರೂ ಜಗಳ ಆಯಿತು.

ಕೆಲವು ಪಂಚಾಂಗ ಸೂರ್ಯಸಿದ್ಧಾಂತದ ಹಳೆಯ ಲೆಕ್ಕದವು, ಕೆಲವು ಆಕಾಶದಲ್ಲಿ ಕಾಣುವುದಕ್ಕೆ ಹೊಂದುವ ದೃಗ್ಗಣಿತದವು. ಎರಡರ ನಡುವೆ ತಿಥಿ ಗಂಟೆಗಟ್ಟಲೆ ಆಚೀಚೆ ಆಗುವುದುಂಟು. ಇದನ್ನೆಲ್ಲ ಸರಿಮಾಡಲೆಂದು 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೇ ಆಗಿತ್ತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವೂ ಬಂತು. ಅದರ ಲೆಕ್ಕ ದೇಶದ ನಡುವಿನ ಒಂದು ಬಿಂದುವಿಗೆ. ಆ ಬಿಂದುವಿನಲ್ಲಿ ನಮ್ಮ ಆಯಿ ಇಲ್ಲ. ಅವಳಿಗೆ ಕುಮಟೆಯ ಬಗ್ಗೋಣ ಪಂಚಾಂಗವೇ ಆಗಬೇಕು. ಪ್ರತಿ ಯುಗಾದಿಗೂ ಹೊಸದು ತಂದು ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿ ಇಡುತ್ತಾಳೆ. ಮೊಬೈಲ್ ಪಂಚಾಂಗ ಹಾಕಿಕೊಂಡವರಿಗೆ ಒಂದು ಮಾತು: ಊರಿನ ಹೆಸರು ಒಮ್ಮೆ ನೋಡಿಕೊಳ್ಳಿ. ನನ್ನದರಲ್ಲಿ ಎರಡು ವರ್ಷ ದೆಹಲಿ ಇತ್ತು.

ಈ ಯಾವುದರ ಹಂಗೂ ಇಲ್ಲದವಳು ನಮ್ಮ ಬೀದಿಗೆ ಬುಟ್ಟಿ ಹೊತ್ತು ಬರುವ ಮೀನಿನವಳು. ನಮ್ಮ ಮನೆಗೆ ಅವಳು ಬರುವುದಿಲ್ಲ, ಕೆಳಗಿನ ಮನೆಗೆ ಬಂಗಡೆ, ತಾರ್ಲೆ ಕೊಡುತ್ತಾಳೆ. ಏಕಾದಶಿ ಬಂದರೆ ಗೇಟಿನ ಹತ್ತಿರವೂ ಸುಳಿಯುವುದಿಲ್ಲ. ನನ್ನ ಏಕಾದಶಿಗೆ ಅಲ್ಲ, ಬಾಯಮ್ಮನ ಏಕಾದಶಿಗೆ, ಸರಿಯಾಗಿ! ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. "ನೀರು ನೋಡಿದ್ರೆ ಗೊತ್ತಾಗ್ತದಲ್ರಾ" ಎಂದಳು. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿ, ನವಮಿಗೆ ನೀರು ಸತ್ತ ಹಾಗೆ. ಏಕಾದಶಿ ಬಂತು ಅಂದರೆ ನೀರಿಗೆ ಮತ್ತೆ ಜೀವ ಬರಲು ಶುರು. ಸೂರ್ಯ, ಚಂದ್ರ ಒಂದೇ ಗೆರೆಯಲ್ಲಿ ನಿಂತು ಎಳೆದರೆ ಜಾಸ್ತಿ, ಅಡ್ಡಡ್ಡ ನಿಂತು ಎಳೆದರೆ ಕಡಿಮೆ. ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವುದನ್ನು ಅವಳು ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವಲ್ಲಿ, ಕಾಲು ಒದ್ದೆ ಮಾಡಿಕೊಂಡು ಕಲಿತಿದ್ದಾಳೆ.

"ಆದ್ರೆ ಸ್ಮಾರ್ತರದ್ದಾ, ವೈಷ್ಣವರದ್ದಾ ಅಂತ ನೀರು ಹೇಳ್ತದಾ?" ಎಂದು ಬಿಡದೆ ಕೇಳಿದೆ. ಅವಳು ಜೋರಾಗಿ ನಕ್ಕಳು. ಅದು ನೀರಿನಿಂದಲ್ಲವಂತೆ. ಹಿಂದಿನ ದಿನವೇ ಬಾಯಮ್ಮ "ನಾಳೆ ಬರಬೇಡ" ಎಂದು ಹೇಳಿರುತ್ತಾರಂತೆ.

ಈಗ ಕ್ಯಾಲೆಂಡರಿನ ಪ್ರತಿ ಸಂಕಷ್ಟಿಯ ಪಕ್ಕ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದೇನೆ. ಮೊದಲು 14 ಕೂಡಿಸುತ್ತೇನೆ. ಆಮೇಲೆ ಗುಡ್ಡದ್ದು. ಗುಡ್ಡದ ಲೆಕ್ಕ ಇನ್ನೂ ಕೈಗೆ ಸಿಕ್ಕಿಲ್ಲ, ಯಾಕೆಂದರೆ ಚಳಿಗಾಲದಲ್ಲಿ ಸಂಕಷ್ಟಿಯ ಚಂದ್ರ ಈಶಾನ್ಯದ ಕಡೆ ಸರಿದು ಹುಟ್ಟುತ್ತಾನೆ, ಮಳೆಗಾಲದಲ್ಲಿ ಆಗ್ನೇಯದ ಕಡೆ. ಎರಡೂ ಕಡೆ ಗುಡ್ಡದ ಎತ್ತರ ಒಂದೇ ಅಲ್ಲ. ಒಂದು ವರ್ಷ ಪೂರ್ತಿ ಬರೆದರೆ ನಮ್ಮ ಟೆರೇಸಿಗೇ ಒಂದು ಚಂದ್ರೋದಯದ ಪಟ್ಟಿ ಆಗುತ್ತದೆ. ಮಳೆಗಾಲದ ನಾಲ್ಕು ಸಾಲು ಖಾಲಿ ಉಳಿಯಬಹುದು. ಆಯಿಗೆ ಹೇಳಿದೆ. "ಅದೆಂತಕ್ಕೆ? ಕಂಡಾಗ ಉಂಡರೆ ಆತು" ಎಂದಳು. ಆದರೂ ಈ ಸಲ 9 ಗಂಟೆಗೆ ಕುರ್ಚಿ ಹೊರಲಿಲ್ಲ. ಒಳಗೇ ಟಿವಿ ನೋಡುತ್ತಾ ಕೂತು, 9:25ಕ್ಕೆ ಎದ್ದು, "ಈಗ ಹೋಪನ?" ಎಂದು ಕೇಳಿದಳು.